ಗುಣವತಕ್ಕ ಹೊಗಳಿದರೆ ಕೆಟ್ಟಿತು

ಮಲ್ಪೆ ಬಂದರಿನ ಏಲಂನಲ್ಲಿ ಗುಣವತಕ್ಕ ಒಂದು ಬುಟ್ಟಿ ಮೀನನ್ನು ಹೊಗಳಿದರೆಂದರೆ ಆ ಬುಟ್ಟಿ ಅವರಿಗೆ ಬೇಡ ಎಂದೇ ಅರ್ಥ. “ಚಂದ ಮೀನುಂಟು ಮಾರಾಯ, ಒಳ್ಳೆದುಂಟು” ಎಂದು ಸೆರಗು ಕೊಡವಿ ಮುಂದೆ ಹೋಗಿಬಿಡುತ್ತಾರೆ. ಬೇಕಾದ ಬುಟ್ಟಿ ಕಣ್ಣಿಗೆ ಬಿದ್ದಾಗ ಮಾತ್ರ ಅವರ ಬಾಯಿ ಪೂರ್ತಿ ತೆರೆಯುತ್ತದೆ.

“ಇದಾ ಬಂಗುಡೆ? ಮೊನ್ನೆಯದ್ದಾ, ಆಚೆಮೊನ್ನೆಯದ್ದಾ? ಕಣ್ಣು ನೋಡು ಅದರದ್ದು, ನಿದ್ದೆ ಬಿಟ್ಟವರ ಹಾಗೆ! ನನ್ನ ಮನೆಯ ಬೆಕ್ಕು ಸಹ ಮೂಸುದಿಲ್ಲ ಇದನ್ನು.”

ಇದು ಅವರೊಬ್ಬರ ಚಾಳಿಯಲ್ಲ. ಬಂದರಿನಲ್ಲಿ ಮೀನು ಕೊಳ್ಳುವ ಹೆಂಗಸರೆಲ್ಲರ ಕ್ರಮ ಅದೇ. ಬೇಕು ಎಂಬ ಆಸೆ ಮುಖದಲ್ಲಿ ಕಂಡರೆ ದರ ಏರುತ್ತದೆ, ಹೊಗಳಿದರೆ ಪಕ್ಕದವಳ ಕಣ್ಣು ಬೀಳುತ್ತದೆ. ಆದರೆ ಉಳಿದವರು ಇದನ್ನು ಬಂದರಿನಲ್ಲೇ ಬಿಟ್ಟು ಮನೆಗೆ ಬರುತ್ತಿದ್ದರು, ಗುಣವತಕ್ಕ ಬುಟ್ಟಿಯ ಜೊತೆಗೆ ಇದನ್ನೂ ಹೊತ್ತುಕೊಂಡೇ ಬರುತ್ತಿದ್ದರು. ಇದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಏಲಂ ಕೂಗುವ ಕಿಟ್ಟನಂತೂ ಅವರ ಬಾಯಿ ತೆರೆಯುವುದನ್ನೇ ಕಾಯುತ್ತಿದ್ದ. “ಬನ್ನಿ ಬನ್ನಿ, ಗುಣವತಕ್ಕ ಬೈಲಿಕ್ಕೆ ಶುರು ಮಾಡಿದ್ರು, ಮೀನು ಫ್ರೆಶ್ ಉಂಟು!” ಎಂದು ಅವನು ಕೂಗಿದರೆ ಗುಣವತಕ್ಕ ಅವನನ್ನೂ ಸೇರಿಸಿ ಬೈದು, ಕೊನೆಗೆ ಬೆರಳೆತ್ತಿ “ಆಯ್ತು, ನನಗಿರಲಿ” ಎನ್ನುತ್ತಿದ್ದರು. ಅಷ್ಟಾದರೆ ವ್ಯಾಪಾರ ಮುಗಿಯಿತು. ಬುಟ್ಟಿ ಟೆಂಪೋ ಹತ್ತಿ, ಉಡುಪಿ ದಾಟಿ, ಪರ್ಕಳದ ತಿರುವಿನಲ್ಲಿ ಅವರು ಕೂರುವ ನೀಲಿ ಟಾರ್ಪಾಲಿನ ಕೆಳಗೆ ಇಳಿಯುತ್ತಿತ್ತು. ಅಲ್ಲಿ ಗಿರಾಕಿಗಳು ಅದೇ ಮೀನನ್ನು ಬೈಯುತ್ತಿದ್ದರು, ಗುಣವತಕ್ಕ ಸಿಟ್ಟಾಗುತ್ತಿದ್ದರು.

ಅಳಿಯನನ್ನು ಆರಿಸಿದ್ದೂ ಇದೇ ಕ್ರಮದಲ್ಲಿ. ಮಗಳು ಸೌಮ್ಯಶ್ರೀಯನ್ನು ನೋಡಲು ಮೊದಲು ಬಂದವನು ಸಂಬಳದ ಕೆಲಸದವನು, ಇಸ್ತ್ರಿ ಅಂಗಿಯವನು. ಗುಣವತಕ್ಕ ಅವನಿಗೆ ಎರಡು ಸಲ ಚಾ ಕೊಟ್ಟು “ಬಹಳ ಚಂದದ ಹುಡುಗ” ಎಂದರು. ಆಮೇಲೆ ಅವನ ಸುದ್ದಿಯೇ ಇಲ್ಲ. ಎರಡನೆಯವನಾಗಿ ಬಂದವನು ರೂಪೇಶ್, ಬೋಟಿನ ಇಂಜಿನ್ ರಿಪೇರಿ ಮಾಡುವವನು. ಅವನು ಕುರ್ಚಿಯಲ್ಲಿ ಕೂರುವ ಮೊದಲೇ ಗುಣವತಕ್ಕ ಶುರು ಮಾಡಿದ್ದರು. “ಮೂಗು ನೋಡಿ, ದೋಣಿಯ ಮೂತಿಯ ಹಾಗೆ ಮುಂದೆ ಬಂದಿದೆ. ಉಗುರಲ್ಲಿ ಗ್ರೀಸು. ಇವನಿಗೆ ಹೆಣ್ಣು ಕೊಡುದಾ?” ರೂಪೇಶ್ ಬೆವೆತು ಎದ್ದು ನಿಂತ. ಅವನ ತಾಯಿ ರತ್ನಾವತಿ ಮಾತ್ರ ಮಗನ ಅಂಗಿ ಎಳೆದು ಕೂರಿಸಿದರು. ಅವರೂ ಮೀನಿನ ಬುಟ್ಟಿ ಹೊತ್ತವರೇ. “ಕೂತ್ಕೊ ಮಗ, ಒಪ್ಪಿಗೆ ಆಗಿದೆ” ಎಂದು ಎಲೆ ಅಡಿಕೆಯ ತಟ್ಟೆ ಹತ್ತಿರ ಎಳೆದುಕೊಂಡರು.

ಹೀಗೆ ಒಪ್ಪಿಗೆಯಾದ ಮದುವೆಯಿಂದ ಹುಟ್ಟಿದವಳು ಹರ್ಷಿಣಿ. ಉದ್ಯಾವರದಲ್ಲಿ ಅಪ್ಪ ಅಮ್ಮನ ಜೊತೆ ಅಜ್ಜಿಯ ಮನೆಯಲ್ಲೇ ಬೆಳೆದವಳು, ಅಜ್ಜಿಯ ಮೇಲೆ ಕಾಲು ಹಾಕದೆ ನಿದ್ದೆ ಬಾರದವಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಗುಣವತಕ್ಕನ ಬಾಯಲ್ಲಿ ಮುದ್ದೇ ಹೆಗ್ಗಣವಾಗಿ ಹೊರಗೆ ಬರುತ್ತಿತ್ತು. ಮೊಮ್ಮಗಳಿಗೆ ಅವರು ಇಟ್ಟ ಹೆಸರು ಒಣ ಬೂತಾಯಿ, ಬಿಸಿಲಿಗೆ ಒಣಗಿದ ಸಣ್ಣ ಮೀನು. “ಏಳು ಒಣ ಬೂತಾಯಿ, ಶಾಲೆಗೆ ಹೊತ್ತಾಯ್ತು” ಎಂದರೆ ಹುಡುಗಿ ನಗುತ್ತಾ ಏಳುತ್ತಿದ್ದಳು. ರಜೆಯಲ್ಲಿ ಅಜ್ಜಿಯ ಜೊತೆ ಬಂದರಿಗೆ ಹೋಗಿ ಹೋಗಿ ಆ ಕ್ರಮವೆಲ್ಲ ಅವಳಿಗೂ ಬಾಯಿಪಾಠವಾಗಿತ್ತು. ಅಜ್ಜಿ ಯಾವ ಬುಟ್ಟಿಗೆ ಬೈದರು ಎಂದು ನೋಡಿ, ಮಧ್ಯಾಹ್ನ ಯಾವ ಸಾರು ಎಂದು ಅಮ್ಮನಿಗೆ ಫೋನಿನಲ್ಲಿ ಮುಂಚೆಯೇ ಹೇಳುತ್ತಿದ್ದಳು.

ಈ ಮೀನಿನ ಮನೆಗೆ ಹಾಕಿ ಆಟ ಹೇಗೆ ಬಂತು ಎಂದು ಕೇಳಬೇಕು. ತಂದವನು ಶರಣಬಸಪ್ಪ. ಗದಗದ ಕಡೆಯವನು, ಪರ್ಕಳದಲ್ಲಿ ಬಾಡಿಗೆ ರೂಮು ಮಾಡಿಕೊಂಡು ಟೈಲ್ಸ್ ಹಾಕುವ ಕೆಲಸ ಮಾಡುತ್ತಿದ್ದ. ಗುಣವತಕ್ಕನ ಜಗಲಿಗೆ ಟೈಲ್ಸ್ ಹಾಕಲು ಬಂದಾಗ, ಹರ್ಷಿಣಿ ತೆಂಗಿನ ಗರಿಯ ಬುಡದ ಕೊತ್ತಳಿಗೆ ಹಿಡಿದು ಬಾಲನ್ನು ಕಂಪೌಂಡ್ ಗೋಡೆಗೆ ಹೊಡೆಯುತ್ತಿದ್ದಳು. ಕ್ರಿಕೆಟ್ಟಿನ ಹಾಗೆ ಎತ್ತಿ ಹೊಡೆಯದೆ ನೆಲದಲ್ಲೇ ಉಜ್ಜಿ ಹೊಡೆಯುತ್ತಿದ್ದಳು. ಶರಣಬಸಪ್ಪ ಸಿಮೆಂಟಿನ ಕೈಯಲ್ಲೇ ಎದ್ದು ಬಂದು ನೋಡಿದ.

“ಯವ್ವಾ, ಈ ಹುಡುಗಿ ಕೈಯಾಗ ಹಾಕಿ ಐತ್ರಿ. ನಮ್ಮ ಕಡೆ ಓಣಿ ಓಣಿಯೊಳಗ ಆಡ್ತಾರ. ಒಂದು ಸ್ಟಿಕ್ ಕೊಡಸ್ರಿ ಆಕೀಗೆ.”

ಮುಂದಿನ ಸಲ ಊರಿಗೆ ಹೋಗಿ ಬರುವಾಗ ತನ್ನ ಅಣ್ಣನ ಮಗನ ಹಳೆ ಸ್ಟಿಕ್ಕನ್ನು ಅವನೇ ತಂದುಕೊಟ್ಟ, ತುದಿ ಗರಗಸದಲ್ಲಿ ಕೊಯ್ದು ಗಿಡ್ಡ ಮಾಡಿ. ಗುಣವತಕ್ಕ ಅದನ್ನು ತಿರುಗಿಸಿ ನೋಡಿ, “ಇದೆಂತ, ಮುರಿದ ಕೊಡೆಯ ಕೈಯಾ?” ಎಂದರು. ಹರ್ಷಿಣಿ ಕುಣಿದಾಡಿದಳು. ಅಜ್ಜಿ ಬೈದಾಯಿತಲ್ಲ, ಇನ್ನು ಅದು ಮನೆಯದ್ದೇ.

ಆಮೇಲೆ ಒಂದು ವರ್ಷ ಹುಡುಗಿ ಗೋಡೆಯ ಜೊತೆ ಆಡಿದಳು. ಗೋಡೆಯ ಸಾರಣೆ ಉದುರಿತು, ಪಕ್ಕದ ಮನೆಯವರ ಬಾಯಿಗೆ ಬಿದ್ದದ್ದಾಯಿತು. ಶಾಲೆಯಲ್ಲಿ ಎಲ್ಲರೂ ಕ್ರಿಕೆಟ್ಟಿನವರು, ಕಬಡ್ಡಿಯವರು. ಒಂದು ಸಂಜೆ ಅವಳು ಸ್ಟಿಕ್ ಮಡಿಲಲ್ಲಿಟ್ಟು ಜಗಲಿಯಲ್ಲಿ ಕೂತು, “ಅಜ್ಜಿ, ಗೋಡೆ ಬಾಲು ವಾಪಸು ಕೊಡ್ತದೆ, ಪಾಸು ಕೊಡುದಿಲ್ಲ” ಎಂದಳು. ಅಷ್ಟೇ ಹೇಳಿದ್ದು. ಈ ಮಗುವಿಗೆ ಒಂದು ತಂಡ ಬೇಕು, ಬಾಲು ಕೊಡಲು ಒಂದಿಷ್ಟು ಮಕ್ಕಳು ಬೇಕು. ಅದನ್ನು ತಾನೇ ತರುವುದು ಎಂದು ಗುಣವತಕ್ಕ ಅಲ್ಲೇ ತೀರ್ಮಾನಿಸಿದರು.

ರೂಪೇಶ್ ಅಲ್ಲಿ ಇಲ್ಲಿ ವಿಚಾರಿಸಿ ಬಂದ. ಹತ್ತು ವರ್ಷದೊಳಗಿನವರನ್ನು ಸೇರಿಸಿಕೊಳ್ಳುವವು ಸುತ್ತಮುತ್ತ ಮೂರು: ಕಾರ್ಕಳದಲ್ಲಿ ಒಂದು ಅಕಾಡೆಮಿ, ಶಿರ್ವದಲ್ಲಿ ಒಂದು ಹಳ್ಳಿ ಲೀಗು, ಮಣಿಪಾಲದಲ್ಲಿ ಒಂದು ದೊಡ್ಡ ಲೀಗು. ರೂಪೇಶನಿಗೆ ಮಣಿಪಾಲ ಬೇಕು, ಏಕೆಂದರೆ ಅಲ್ಲಿ ಗೆದ್ದವರ ಫೋಟೋ ಫ್ಲೆಕ್ಸಿನಲ್ಲಿ ಹಾಕುತ್ತಾರೆ. ಸೌಮ್ಯಶ್ರೀಗೆ ಯಾವುದಾದರೂ ಆದೀತು, ಶೌಚಾಲಯ ಸ್ವಚ್ಛ ಇರಬೇಕು ಮತ್ತು ಪರೀಕ್ಷೆಯ ಸಮಯದಲ್ಲಿ ಬಿಡಬೇಕು. ಗಂಡ ಹೆಂಡಿರ ವಾದ ಊಟದ ತಟ್ಟೆ ಒಣಗುವವರೆಗೂ ನಡೆಯಿತು.

“ಬಾಯಿ ಮುಚ್ಚಿ ಇಬ್ಬರೂ” ಎಂದರು ಗುಣವತಕ್ಕ. “ನಾನು ನೋಡಿ ಬರ್ತೇನೆ. ಕಿವಿರು ಎತ್ತಿ ನೋಡದೆ ಮೀನು ತಂದದ್ದುಂಟಾ ನಾನು?”

ಮೊದಲು ಕಾರ್ಕಳ. ಅಳಿಯನ ಬೈಕಿನಲ್ಲಿ ಹರ್ಷಿಣಿಯೂ ಸೇರಿ ಮೂವರು ಹೋದರು. ಅಲ್ಲಿಯ ಕೋಚ್ ಸಣಕಲು ಮನುಷ್ಯ, ಮಗುವನ್ನು ನೋಡುವ ಮೊದಲೇ ಅದರ ಆಹಾರದ ಬಗ್ಗೆ ಕೇಳಿದ. ಮೀನು ಎಂದರು ಗುಣವತಕ್ಕ. ಬೆಳಿಗ್ಗೆ? ಮೀನು. ರಾತ್ರಿ? ಅದೇ ಮೀನು. ಅವನು ಮೊಳಕೆ ಕಾಳಿನ ಮೇಲೆ ಒಂದು ಭಾಷಣ ಕೊಟ್ಟ, ಮೊದಲ ಮೂರು ತಿಂಗಳು ಸ್ಟಿಕ್ ಮುಟ್ಟಲಿಕ್ಕಿಲ್ಲ, ಬರೀ ಓಟ ಎಂದ. ಗುಣವತಕ್ಕ ಕೈ ಮುಗಿದು, “ಬಹಳ ಚಂದ ಉಂಟು ಸರ್, ನಿಮ್ಮದು ಬಹಳ ಚಂದ” ಎಂದರು. ಮಾತು ಮುಗಿಯುವ ಮೊದಲೇ ರೂಪೇಶ್ ಬೈಕ್ ತಿರುಗಿಸಿ ನಿಲ್ಲಿಸಿದ್ದ.

ಎರಡನೆಯದು ಶಿರ್ವ. ಗದ್ದೆ ಬದಿಯ ಒಂದು ಮೈದಾನ, ಒಂದು ತುದಿಯಲ್ಲಿ ತೆಂಗಿನ ಮರ, ಇನ್ನೊಂದು ತುದಿಯಲ್ಲಿ ಗಲ್ಫ್ ಹಣದ ಮೂರಂತಸ್ತಿನ ಮನೆ. ಲೀಗು ನಡೆಸುವ ಲಿಯೋನೆಲ್ ಬಹ್ರೇನಿನಲ್ಲಿ ಸ್ಟೋರ್ ಕೀಪರ್ ಆಗಿದ್ದು ನಿವೃತ್ತರಾದವರು. ಅವರೇ ಗುದ್ದಲಿ ಹಿಡಿದು ಮೈದಾನದ ಹೊಂಡ ಮುಚ್ಚುತ್ತಿದ್ದರು. ಹರ್ಷಿಣಿ ಅಲ್ಲಿ ನಿಂತು ನೋಡುತ್ತಿದ್ದಂತೆ, ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗ, ಲಿಯೋನೆಲರ ಮೊಮ್ಮಗ ಕಾರ್ಲ್ಟನ್, ಏನೂ ಕೇಳದೆ ಬಾಲನ್ನು ಅವಳ ಕಡೆಗೆ ತಳ್ಳಿದ. ಅವಳು ತಿರುಗಿ ತಳ್ಳಿದಳು. ಅವಳ ಜನ್ಮದಲ್ಲಿ ಸಿಕ್ಕಿದ ಮೊದಲ ಪಾಸು ಅದು.

ಗುಣವತಕ್ಕ ಅದನ್ನು ನೋಡಲೇ ಇಲ್ಲ. ಅವರು ಲಿಯೋನೆಲರನ್ನು ವಿಚಾರಿಸುತ್ತಿದ್ದರು. ಫೀಸು ಎಷ್ಟು? ಏನೂ ಇಲ್ಲ. ಯಾರನ್ನು ಸೇರಿಸಿಕೊಳ್ಳುತ್ತೀರಿ? ಬಂದವರನ್ನು. ಯಾರು ಆಡುವುದು? ಎಲ್ಲರೂ, ಸರದಿಯಲ್ಲಿ. ಸುತ್ತಲಿನ ನಾಲ್ಕು ಊರುಗಳ ಜೊತೆ ಮ್ಯಾಚು ಉಂಟು, ಗೆದ್ದರೂ ಸೋತರೂ ಕಲ್ಲಂಗಡಿ ಉಂಟು. ಇಷ್ಟು ಹೇಳಿ ಲಿಯೋನೆಲ್ ಮತ್ತೆ ಗುದ್ದಲಿ ಹಿಡಿದರು.

ಗುಣವತಕ್ಕನಿಗೆ ಗುಮಾನಿ ಬಂತು. ಕೂಗದೆ ಮಾರುವವನ ಮೀನು ತಾಜಾ ಇರುವುದುಂಟೇ? ಪುಕ್ಕಟೆ ಕೊಡುತ್ತಾನೆಂದರೆ ಒಳಗೆ ಎಷ್ಟು ದಿನದ್ದಿರಬಹುದು? ಕ್ರಿಶ್ಚಿಯನ್ನರನ್ನು ಗೌರವದಿಂದ ಕರೆಯುವ ಹಳೆಯ ಕ್ರಮದಲ್ಲಿ ಅವರು ನಗುತ್ತಾ ಹೇಳಿದರು: “ಒಳ್ಳೆದುಂಟು ಪೊರ್ಬುಗಳೇ, ಬಹಳ ಒಳ್ಳೆದುಂಟು.”

ಲಿಯೋನೆಲರಿಗೆ ಸಂತೋಷವಾಯಿತು. ಅಲ್ಲಿ ಹರ್ಷಿಣಿಯ ಸ್ಟಿಕ್ ಕೆಳಗಿಳಿಯಿತು. ಅಜ್ಜಿ ಹೊಗಳಿದ್ದು ಅವಳ ಕಿವಿಗೆ ಬಿದ್ದಿತ್ತು.

ಮೂರನೆಯದು ಮಣಿಪಾಲ. ಅಬ್ಬಬ್ಬ, ಎಂಥ ಬೆಳಕು, ಎಂಥ ಹಸಿರು! ಪ್ಲಾಸ್ಟಿಕ್ ಹುಲ್ಲು, ಸ್ಪೀಕರಿನಲ್ಲಿ ಹಾಡು, ಅಪ್ಪ ಅಮ್ಮಂದಿರ ಜಾತ್ರೆ. ಲೀಗಿನ ಸಂಚಾಲಕ ಮನೀಶ್ ಕಪ್ಪು ಕನ್ನಡಕ ಹಾಕಿ, ಕೆನ್ನೆಗೆ ಮೈಕ್ ಅಂಟಿಸಿಕೊಂಡು ಏಕಪ್ರಕಾರ ಕೂಗುತ್ತಿದ್ದ. ಗುಣವತಕ್ಕನ ಎದೆ ಅರಳಿತು. ಇದು ಬಂದರು! ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಇದೆಂತ ಹುಲ್ಲು ಮಾರಾಯ? ದನ ತಿಂದರೆ ಸಾಯ್ತದೆ. ಇಷ್ಟು ಲೈಟ್ ಯಾಕೆ, ಮದುವೆ ಉಂಟಾ ಯಾರದ್ದಾದ್ರೂ? ಮಕ್ಕಳಿಗೆ ಅಂಗಿ ಎಂತ, ಗೋಣಿಯ ಹಾಗೆ...”

ಅರ್ಧ ಗಂಟೆ ಬೈದರು. ಮನೀಶ್ ಕನ್ನಡಕ ತೆಗೆದು ಕಣ್ಣು ಪಿಳಿಪಿಳಿ ಮಾಡಿದ. ರೂಪೇಶ್ ಖುಷಿಯಿಂದ ಹೋಗಿ ಮಗಳ ಹೆಸರು ಬರೆಸಿ ಬಂದ.

ಈಗ ಹೇಳಬೇಕಾದ ಸಂಗತಿ ಬಂತು. ನಮ್ಮ ಕರಾವಳಿಯಲ್ಲಿ ಕ್ರಿಕೆಟ್ ಟೂರ್ನಮೆಂಟಿಗೆ ಆಟಗಾರರನ್ನು ಏಲಂ ಹಾಕುವ ಹುಚ್ಚು ಹಿಡಿದು ಎಷ್ಟೋ ಕಾಲವಾಯಿತು. ದೊಡ್ಡವರು ತಮ್ಮನ್ನು ತಾವು ಏಲಂ ಹಾಕಿಕೊಂಡರೆ ಹಾಕಿಕೊಳ್ಳಲಿ. ಆದರೆ ಮನೀಶನ ಲೀಗಿನಲ್ಲಿ ಎಂಟು ವರ್ಷದ ಮಕ್ಕಳಿಗೂ ಏಲಂ ಇತ್ತು. ಹಾಲು ಹಲ್ಲು ಪೂರ್ತಿ ಬೀಳದ ಮಕ್ಕಳನ್ನು ವೇದಿಕೆ ಹತ್ತಿಸಿ, ತಂಡದ ಧಣಿಗಳು ಕೆಳಗೆ ಕೂತು ಪಾಯಿಂಟು ಕೂಗುವುದು. ಇದು ಯಾರ ತಲೆಯಲ್ಲಿ ಹುಟ್ಟಿತೋ, ಆ ತಲೆಗೆ ಒಂದು ಕೊಡ ತಣ್ಣೀರು ಸುರಿಯಬೇಕು. ಗುಣವತಕ್ಕನಿಗೆ ಮಾತ್ರ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ಏಲಂ ಎಂದರೆ ಅವರಿಗೆ ದಿನದ ಕೆಲಸ.

ಏಲಂನ ದಿನ ಅವರು ಮದುವೆಗೆ ಉಡುವ ಸೀರೆ ಉಟ್ಟು, ಮಲ್ಲಿಗೆ ಮುಡಿದು ಎಸಿ ಹಾಲ್‌ನಲ್ಲಿ ಕೂತರು. ಒಂದು ಪಕ್ಕ ಸೌಮ್ಯಶ್ರೀ, ಇನ್ನೊಂದು ಪಕ್ಕ ರೂಪೇಶ್. ಮುಂದಿನ ಸಾಲಿನಲ್ಲಿ ತಂಡಗಳ ಧಣಿಗಳು: ಟೈಲ್ಸ್ ಶೋರೂಮಿನವರು, ಐಸ್‌ಕ್ರೀಮ್ ಏಜೆನ್ಸಿಯವರು, ಜಾಗದ ವ್ಯವಹಾರದವರು. ಮನೀಶ್ ಮರದ ಸುತ್ತಿಗೆ ಹಿಡಿದು “ಒಂದು ಸಾರಿ... ಎರಡು ಸಾರಿ...” ಎಂದು ಶುರು ಮಾಡಿದ. ಆ ಸ್ವರ ಕಿವಿಗೆ ಬಿದ್ದದ್ದೇ ತಡ, ಗುಣವತಕ್ಕನ ಬೆನ್ನು ನೆಟ್ಟಗಾಯಿತು, ಬಲಗೈ ತನ್ನಷ್ಟಕ್ಕೆ ಸೆರಗು ಸಿಕ್ಕಿಸಿತು. ಬೇರೆ ಮಕ್ಕಳ ಸರದಿಯಲ್ಲಿ ಅವರು ಹೇಗೋ ತುಟಿ ಕಚ್ಚಿ ಕೂತಿದ್ದರು.

“ಮುಂದಿನ ಆಟಗಾರ್ತಿ, ಉದ್ಯಾವರದ ಹರ್ಷಿಣಿ! ಫಾರ್ವರ್ಡ್! ಗಾಳಿಯ ವೇಗ!”

ಹರ್ಷಿಣಿ ವೇದಿಕೆ ಹತ್ತಿದಳು. ಗೋಣಿಯಂಥ ಅಂಗಿಯಲ್ಲಿ ಇನ್ನೂ ಸಣ್ಣವಳಾಗಿ ಕಂಡಳು. ಟೈಲ್ಸಿನವರು ಕೂಗಿದರು. ಐಸ್‌ಕ್ರೀಮಿನವರು ಏರಿಸಿದರು. ಟೈಲ್ಸಿನವರು ಮತ್ತೆ ಏರಿಸಿದರು. ಜಾಗದವರೂ ಕೈ ಎತ್ತಿದರು. ರೂಪೇಶ್ ಹೆಂಡತಿಯ ಕೈ ಹಿಡಿದುಕೊಂಡ. ಗುಣವತಕ್ಕ ಮಾತ್ರ ಕುರ್ಚಿಯ ತುದಿಗೆ ಸರಿದರು. ದರ ಏರುತ್ತಾ ಉಂಟು. ಯಾರೋ ಕೊಂಡು ಹೋಗ್ತಾರೆ. ನನ್ನ ಕಣ್ಣೆದುರೇ ಕೊಂಡು ಹೋಗ್ತಾರೆ! ತಾವು ಎಲ್ಲಿ ಕೂತಿದ್ದೇವೆ, ಯಾಕೆ ಬಂದಿದ್ದೇವೆ ಎಂಬುದೆಲ್ಲ ಆ ಗಳಿಗೆಯಲ್ಲಿ ಅವರಿಗೆ ಮರೆತೇಹೋಯಿತು. ಅವರು ಎದ್ದು ನಿಂತರು.

“ಎಂತದಕ್ಕೆ ಇಷ್ಟು ಕೂಗುದು ಮಾರಾಯ್ರೆ? ಎಂತ ಉಂಟು ಅದರಲ್ಲಿ? ಕಾಲು ನೋಡಿ, ಎಡದ್ದು ಒಳಗೆ ತಿರುಗಿದೆ. ಹತ್ತು ನಿಮಿಷ ಓಡಿದರೆ ಹೊಟ್ಟೆ ನೋವು ಅಂತ ಕೂರ್ತದೆ. ಬೆಳಿಗ್ಗೆ ನೀರು ಚಿಮುಕಿಸಿದರೂ ಏಳುದಿಲ್ಲ. ಗಾಳಿಯಂತೆ ಗಾಳಿ! ಒಣ ಬೂತಾಯಿ ಅದು, ಒಣ ಬೂತಾಯಿ!”

ಟೈಲ್ಸಿನವರು ಎತ್ತಿದ ಕೈಯಿಂದ ತಲೆ ಕೆರೆದುಕೊಂಡರು. ಐಸ್‌ಕ್ರೀಮಿನವರು ಪಕ್ಕದವರ ಕಿವಿಯಲ್ಲಿ “ಕಾಲಿನ ಪ್ರಾಬ್ಲಮ್ ಉಂಟಂತೆ” ಎಂದರು. ಸ್ವಂತ ಅಜ್ಜಿಯೇ ಹೇಳಿದ ಮೇಲೆ ಇನ್ನು ಯಾರನ್ನು ನಂಬುವುದು? ಮನೀಶ್ ಸುತ್ತಿಗೆ ಹಿಡಿದು ಆಚೆ ಈಚೆ ನೋಡಿದ. ಯಾರೂ ಕೈ ಎತ್ತಲಿಲ್ಲ. ಹರ್ಷಿಣಿ ಅಜ್ಜಿಯನ್ನೇ ನೋಡುತ್ತಿದ್ದಳು. ಆಮೇಲೆ ಮೆಟ್ಟಿಲು ಇಳಿದು ಹೊರಗೆ ಓಡಿಬಿಟ್ಟಳು. ಸೌಮ್ಯಶ್ರೀ ಅವಳ ಹಿಂದೆ ಓಡಿದಳು.

“ಹರ್ಷಿಣಿ... ಅನ್‌ಸೋಲ್ಡ್” ಎಂದ ಮನೀಶ್.

ದರ ಬಿದ್ದಿತ್ತು, ಎದುರಾಳಿಗಳು ಸುಮ್ಮನಾಗಿದ್ದರು. ಬಂದರಿನಲ್ಲಾದರೆ ಇನ್ನು ಕಿಟ್ಟ ತನ್ನ ಕಡೆ ತಿರುಗುವ ಹೊತ್ತು. ಗುಣವತಕ್ಕ ಬೆರಳೆತ್ತಿದರು.

“ಆಯ್ತು, ನನಗಿರಲಿ.”

“ಅಜ್ಜಿ, ನಿಮ್ಮದು ಟೀಮ್ ಉಂಟಾ?” ಎಂದು ಮನೀಶ್ ಮೈಕಿನಲ್ಲೇ ಕೇಳಿದ. ಹಾಲ್ ಪೂರ್ತಿ ನಕ್ಕಿತು. ಆ ನಗು ಕೇಳಿದ ಮೇಲೆಯೇ ಗುಣವತಕ್ಕನಿಗೆ ತಾವು ಏನು ಮಾಡಿದ್ದೇವೆಂದು ತಿಳಿದದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಮಲ್ಲಿಗೆ ಮುಡಿದ ತಲೆ ತಗ್ಗಿಸಿ ಹೊರಗೆ ನಡೆದರು.

ಅಂದಿನಿಂದ ಹರ್ಷಿಣಿ ಅಜ್ಜಿಯ ಜೊತೆ ಮಾತು ಬಿಟ್ಟಳು. ಸ್ಟಿಕ್ಕನ್ನು ಬಚ್ಚಲ ಕಟ್ಟಿಗೆಯ ರಾಶಿಯೊಳಗೆ ತುರುಕಿದಳು. ಅಮ್ಮನ ಪಕ್ಕ ಮಲಗತೊಡಗಿದಳು. ಗುಣವತಕ್ಕನ ಮೇಲೆ ಕಾಲು ಹಾಕುವವರು ಇಲ್ಲವಾಯಿತು, ಹಾಗಾಗಿ ಅವರಿಗೂ ನಿದ್ದೆ ಬರಲಿಲ್ಲ. ಬಂದರಿನಲ್ಲಿ ಬೈಗಳೂ ಸೊರಗಿದವು. ಅರೆಮನಸ್ಸಿನಿಂದ “ಕಣ್ಣು ಸರಿ ಇಲ್ಲ” ಎಂದಷ್ಟೇ ಹೇಳಿ ನಿಲ್ಲುತ್ತಿದ್ದರು. ಅವರಿಗೆ ಜ್ವರ ಉಂಟಾ ಎಂದು ಕಿಟ್ಟ ರತ್ನಾವತಿಯನ್ನು ಕೇಳಿದ.

ಮಾಡಿದ ತಪ್ಪನ್ನು ತಿದ್ದಬೇಕಲ್ಲ. ಗುಣವತಕ್ಕ ಯೋಚಿಸಿದರು: ಬೈದು ಕೆಡಿಸಿದ್ದನ್ನು ಹೊಗಳಿ ಸರಿಮಾಡಬೇಕು. ಇದೇ ಅವರ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಮರುದಿನ ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತು, “ನಮ್ಮ ಹರ್ಷಿಣಿ ಎಷ್ಟು ಚಂದದ ಹುಡುಗಿ! ಎಷ್ಟು ಬೇಗ ಏಳ್ತಾಳೆ!” ಎಂದರು. ಹುಡುಗಿ ಬೆಚ್ಚಿ ನೋಡಿದಳು. ಮಧ್ಯಾಹ್ನ, “ನಮ್ಮ ಹರ್ಷಿಣಿಯ ಕಾಲು ಎಷ್ಟು ನೇರ!” ಸಂಜೆ, “ಒಳ್ಳೆ ಮಗು, ಬಹಳ ಒಳ್ಳೆ ಮಗು.” ಪ್ರತಿ ಹೊಗಳಿಕೆಗೂ ಹುಡುಗಿಯ ಮುಖ ಇನ್ನಷ್ಟು ಬಾಡುತ್ತಾ ಹೋಯಿತು. ಕೊನೆಗೆ ಒಂದು ದಿನ ಊಟದ ಮಧ್ಯೆ “ಹರ್ಷಿಣಿ ಬಂಗಾರ” ಎಂದದ್ದೇ ತಡ, ಅವಳು ಅನ್ನ ಬಿಟ್ಟು ಅಳುತ್ತಾ ಎದ್ದಳು.

“ಅಮ್ಮ, ಅಜ್ಜಿ ನನ್ನನ್ನು ಹೊಗಳ್ತಾ ಇದ್ದಾರೆ. ಅಜ್ಜಿಗೆ ನಾನು ಬೇಡ!”

ಗುಣವತಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಹಿತ್ತಿಲಿಗೆ ಹೋದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಯಾರಿಗೂ ಕಾಣದ ಹಾಗೆ ಅತ್ತರು. ಅವರು ಹಾಗೆ ಅತ್ತದ್ದು ಗಂಡ ಅಣ್ಣು ತೀರಿಕೊಂಡ ಮೇಲೆ ಅದೇ ಮೊದಲು.

ಅವತ್ತು ಮಲಗುವ ಮೊದಲು ಸೌಮ್ಯಶ್ರೀ ಮಗಳ ತಲೆ ನೇವರಿಸುತ್ತಾ, ಅವಳು ಹೊರಗೆ ಓಡಿದ ಮೇಲೆ ಹಾಲ್‌ನಲ್ಲಿ ಏನಾಯಿತೆಂದು ರೂಪೇಶನಿಂದ ಕೇಳಿದ್ದನ್ನು ಹೇಳಿದಳು. ಅಜ್ಜಿ ಬೆರಳೆತ್ತಿ ‘ನನಗಿರಲಿ’ ಅಂದದ್ದು, ಎಲ್ಲರೂ ನಕ್ಕದ್ದು. ಹುಡುಗಿ ಗೋಡೆಯ ಕಡೆ ತಿರುಗಿಕೊಂಡಳು. ಅವಳಿಗೆ ಆಗ ಯಾವುದೂ ತಲೆಗೆ ಹೋಗುವ ಹಾಗಿರಲಿಲ್ಲ.

ಶನಿವಾರ ಗುಣವತಕ್ಕ ಮೀನಿಗೆ ಹೋಗಲಿಲ್ಲ. ಕಟ್ಟಿಗೆ ರಾಶಿಯಿಂದ ಸ್ಟಿಕ್ ಹುಡುಕಿ ತೆಗೆದು, ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದರು. “ಮಗುವನ್ನು ಒಮ್ಮೆ ಶಿರ್ವಕ್ಕೆ ಕರ್ಕೊಂಡು ಹೋಗ್ತೇನೆ” ಎಂದು ಮಗಳಿಗೆ ಹೇಳಿದರು, ಕೇಳುವ ದನಿಯಲ್ಲಿ. ಅಮ್ಮ ಹೀಗೆ ಕೇಳಿದ್ದನ್ನು ಸೌಮ್ಯಶ್ರೀ ಎಂದೂ ಕಂಡಿರಲಿಲ್ಲ. ಹರ್ಷಿಣಿ ಮುಖ ಊದಿಸಿಕೊಂಡೇ ಹೊರಟಳು. ಕಟಪಾಡಿಯಲ್ಲಿ ಬಸ್ಸು ಬದಲಾಯಿಸಿ ಶಿರ್ವಕ್ಕೆ ಮುಟ್ಟುವವರೆಗೆ ಅಜ್ಜಿ ಒಂದು ಕಿಟಕಿ, ಮೊಮ್ಮಗಳು ಇನ್ನೊಂದು ಕಿಟಕಿ. ಅಲ್ಲಿ ಏನು ಮಾತಾಡಬೇಕೆಂದು ಗುಣವತಕ್ಕ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದರು. ಪೊರ್ಬುಗಳಲ್ಲಿ ತಗ್ಗಿ ಬಗ್ಗಿ ಕೇಳಬೇಕು. ಮೈದಾನ ಚಂದ ಉಂಟು, ಮಕ್ಕಳು ಚಂದ ಉಂಟು, ನಮ್ಮ ಮಗುವನ್ನೂ ಸೇರಿಸಿಕೊಳ್ಳಿ ಎನ್ನಬೇಕು.

ಮೈದಾನದಲ್ಲಿ ಮಕ್ಕಳು ಆಡುತ್ತಿದ್ದರು. ಲಿಯೋನೆಲ್ ಗುದ್ದಲಿ ಬಿಟ್ಟು ನಗುತ್ತಾ ಬಂದರು. ಗುಣವತಕ್ಕ ಕೈ ಮುಗಿದು ಬಾಯಿ ತೆರೆಯಬೇಕು, ಅಷ್ಟರಲ್ಲಿ ಹಲ್ಲು ಬಿದ್ದ ಕಾರ್ಲ್ಟನ್ ದೂರದಿಂದ ಹರ್ಷಿಣಿಯನ್ನು ಕಂಡ. ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ, ಯಾಕೆ ಬಂದೆ ಎಂದೂ ಕೇಳಲಿಲ್ಲ. ಬಾಲನ್ನು ಅವಳ ಕಡೆಗೆ ತಳ್ಳಿದ. ಬಾಲು ಹೊಂಡಗಳ ಮೇಲೆ ಕುಪ್ಪಳಿಸುತ್ತಾ ಬಂದು ಅವಳ ಕಾಲ ಬುಡದಲ್ಲಿ ನಿಂತಿತು. ಸ್ಟಿಕ್ ಅಜ್ಜಿಯ ಚೀಲದಲ್ಲಿತ್ತು. ಹುಡುಗಿ ಬರಿಗಾಲಿನಲ್ಲೇ ತಿರುಗಿ ತಳ್ಳಿದಳು.

ಈ ಸಲ ಗುಣವತಕ್ಕ ನೋಡಿದರು. ಗೋಡೆ ಕೊಡದ ಪಾಸು ಇದೇ ಎಂದು ತಿಳಿಯಿತು. ಇದು ಬೇಕು ಎನ್ನಿಸಿತು. ಬಂದರಿನಲ್ಲಿ ಯಾವ ಬುಟ್ಟಿಯೂ ಇಷ್ಟು ಬೇಕು ಎನ್ನಿಸಿರಲಿಲ್ಲ. ಕಟ್ಟಿಕೊಂಡು ಬಂದ ಮಾತೆಲ್ಲ ಗಂಟಲಲ್ಲೇ ಕರಗಿ, ಬಾಯಿ ಪೂರ್ತಿ ತೆರೆಯಿತು.

“ಇದೆಂತ ಮೈದಾನ ಪೊರ್ಬುಗಳೇ? ಕೋಣ ಹೂಳ್ಲಿಕ್ಕೆ ತೋಡಿದ ಹೊಂಡವಾ ಇದೆಲ್ಲ? ಗೋಲಿನ ಬಲೆ ನೋಡಿ, ನನ್ನ ಗಂಡನ ಹಳೆ ಬೀಡುಬಲೆ ಇದಕ್ಕಿಂತ ಗಟ್ಟಿ ಇತ್ತು. ಈ ಹುಡುಗನ ಹಲ್ಲು ಎಲ್ಲಿ, ಬಾಲು ತಿಂತಾನಾ ಇವ? ಪುಕ್ಕಟೆಯಂತೆ ಪುಕ್ಕಟೆ! ನೀವೇ ದುಡ್ಡು ಕೊಡಬೇಕು ಇಲ್ಲಿಗೆ ಬಂದವರಿಗೆ!”

ಲಿಯೋನೆಲ್ ಒಂದು ಹೆಜ್ಜೆ ಹಿಂದೆ ಸರಿದರು. “ಅಕ್ಕಾ, ಹೋದ ಸಲ ಒಳ್ಳೆದುಂಟು ಅಂದದ್ದು ನೀವೇ ಅಲ್ವಾ?”

“ಅದು ಹೋದ ಸಲ! ಈಗ ನೋಡಿದರೆ ಕರ್ಮ ಉಂಟು! ಕಲ್ಲಂಗಡಿ ಸಹ ಬೆಳ್ಳಗೆ ಇರ್ತದಾ ಎಂತದು?”

ಹರ್ಷಿಣಿ ಬಾಲು ಬಿಟ್ಟು ಅಜ್ಜಿಯ ಕಡೆ ತಿರುಗಿ ನಿಂತಿದ್ದಳು. ಅವಳ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ನಗು. ಅವಳು ಲಿಯೋನೆಲರ ಹತ್ತಿರ ಬಂದು ಸಮಾಧಾನ ಹೇಳಿದಳು.

“ಅಂಕಲ್, ಹೆದರ್ಬೇಡಿ. ಅಜ್ಜಿಗೆ ಇದು ಬೇಕು. ಇನ್ನು ಸ್ವಲ್ಪ ಬೈತಾರೆ, ಮತ್ತೆ ಸರಿಯಾಗ್ತದೆ.”

ಹಾಗೆಂದವಳು ಅಲ್ಲೇ ನಿಂತಳು. ಹಣೆ ಗಂಟಾಯಿತು. ಏನೋ ಒಂದು ಅವಳ ತಲೆಯೊಳಗೆ ನಿಧಾನವಾಗಿ ಕೂಡಿಕೊಳ್ಳುತ್ತಿತ್ತು. ಅವಳು ಅಜ್ಜಿಯ ಹತ್ತಿರ ಬಂದು ಸೆರಗು ಹಿಡಿದಳು.

“ಅಜ್ಜಿ, ಅವತ್ತು ಹಾಲ್‌ನಲ್ಲಿ... ನನ್ನನ್ನು ಅವರೆಲ್ಲ ಕೊಂಡು ಹೋಗ್ತಾರೆ ಅಂತ ಬೈದದ್ದಾ? ಕೊನೆಗೆ ‘ನನಗಿರಲಿ’ ಅಂದದ್ದು ನಿಜವಾ?”

ಇಡೀ ಬಂದರನ್ನು ಬಾಯಲ್ಲೇ ಆಳಿದ ಗುಣವತಕ್ಕ ಚೀಲದಿಂದ ಸ್ಟಿಕ್ ತೆಗೆದು ಮೊಮ್ಮಗಳ ಕೈಗೆ ತುರುಕಿದರು.

“ಸುಮ್ಮನಿರು ಒಣ ಬೂತಾಯಿ. ಹೋಗು, ಆಡು. ಆ ಕಾಲು ನೆಟ್ಟಗೆ ಇಡು.”

ಹರ್ಷಿಣಿ ಓಡಿದಳು. ಗುಣವತಕ್ಕ ಲಿಯೋನೆಲರ ಕಡೆ ತಿರುಗಿ, ಕಣ್ಣೊರೆಸಿಕೊಂಡು, ಬೆರಳೆತ್ತಿದರು. “ಆಯ್ತು ಪೊರ್ಬುಗಳೇ, ನಮಗಿರಲಿ.” ಲಿಯೋನೆಲರಿಗೆ ತಲೆಬುಡ ಅರ್ಥವಾಗಲಿಲ್ಲ, ಆದರೂ ಆಗಲಿ ಎಂದು ತಲೆಯಾಡಿಸಿದರು. ಅವತ್ತು ಮಲಗುವಾಗ ಗುಣವತಕ್ಕನ ಹೊಟ್ಟೆಯ ಮೇಲೆ ಕಾಲು ಬಂದು ಬಿತ್ತು, ಮಣ್ಣು ಸರಿಯಾಗಿ ತೊಳೆಯದ ಕಾಲು.

ಶಿರ್ವದ ತಂಡದಲ್ಲಿ ಹರ್ಷಿಣಿಯ ಮೊದಲ ಮ್ಯಾಚು ಕಾಪುವಿನಲ್ಲಿ ಆಯಿತು, ಅಲ್ಲಿಯ ಮಕ್ಕಳ ಜೊತೆ. ಗುಣವತಕ್ಕ ಗೆರೆಯ ಪಕ್ಕ ನಿಂತು ಶುರುವಿನಿಂದಲೇ ಬೈಯುತ್ತಿದ್ದರು, ಹರ್ಷಿಣಿ ಒಂದೊಂದು ಬೈಗಳಿಗೂ ಒಂದೊಂದು ಓಟ ಹೆಚ್ಚು ಓಡುತ್ತಿದ್ದಳು. ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಎದುರು ತಂಡದ ಒಬ್ಬ ತಾಯಿಗೆ ಇದು ಸಹಿಸಲಾಗಲಿಲ್ಲ. “ಅಜ್ಜಿ, ಮಕ್ಕಳಿಗೆ ಹಾಗೆಲ್ಲ ಹೇಳಬಾರದು. ಮನಸ್ಸಿಗೆ ಪೆಟ್ಟಾಗುತ್ತದೆ. ಗುಡ್, ವೆರಿ ಗುಡ್ ಅಂತ ಹೇಳಬೇಕು” ಎಂದರು ನಯವಾಗಿ. ಓದಿದವರು, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಾರೆ. ಗುಣವತಕ್ಕ ಒಂದು ಗಳಿಗೆ ಯೋಚಿಸಿದರು. ಮಕ್ಕಳ ವಿಷಯದಲ್ಲಿ ಒಮ್ಮೆ ಎಡವಿದವರು, ಮತ್ತೆ ಎಡವುವುದು ಬೇಡ ಎಂದುಕೊಂಡು ದನಿ ತಗ್ಗಿಸಿ ಕೂಗಿದರು.

“ಗುಡ್, ಹರ್ಷಿಣಿ. ವೆರಿ ಗುಡ್. ಚಂದ ಆಡ್ತಿ.”

ಬಾಲು ತಳ್ಳಿಕೊಂಡು ಗೋಲಿನ ಹತ್ತಿರ ಹೋಗಿದ್ದ ಹರ್ಷಿಣಿ ತಟ್ಟನೆ ನಿಂತಳು. ಬಾಲು ಅವಳ ಸ್ಟಿಕ್ಕಿನಿಂದ ಜಾರಿ ಹೊರಗೆ ಹೋಯಿತು. ಕಾರ್ಲ್ಟನ್ ತಲೆ ಚಚ್ಚಿಕೊಂಡ. ಅಂಪೈರ್ ಸೀಟಿ ಊದುತ್ತಿದ್ದರೂ ಲೆಕ್ಕಿಸದೆ ಅವಳು ಇಡೀ ಮೈದಾನ ದಾಟಿ ಗೆರೆಯವರೆಗೆ ಓಡಿ ಬಂದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ಅಜ್ಜಿ, ಹೊಗಳ್ಬೇಡಿ! ಬೈಯಿರಿ!”

ಕೊಡೆಯ ತಾಯಿ ಬಾಯಿ ತೆರೆದು ನಿಂತರು. ಗುಣವತಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.